ಶನಿವಾರದ ಬೆಟ್ಟ, ಭಾನುವಾರದ ಪ್ರಾರ್ಥನೆ

ಗುಡ್ಡಗಾಡಿನ ಕಚ್ಚಾ ಹಾದಿಗಳಲ್ಲಿ ಒಂದೇ ಸಮನೆ ಎಂಟು ಹತ್ತು ಗಂಟೆ, ಕೆಲವೊಮ್ಮೆ ದಿನಗಟ್ಟಲೆ ಸೈಕಲ್ ತುಳಿಯುವ ಕ್ರೀಡೆಯೇ ಎಂಡ್ಯೂರೆನ್ಸ್ ಮೌಂಟನ್ ಬೈಕಿಂಗ್. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಯುವಕರು ದಪ್ಪ ಟೈರಿನ ಹಳೆಯ ಸೈಕಲ್‌ಗಳನ್ನು ಬೆಟ್ಟದ ಇಳಿಜಾರಿನಲ್ಲಿ ಓಡಿಸುತ್ತಿದ್ದರು. ಮೌಂಟನ್ ಬೈಕಿಂಗ್ ಹುಟ್ಟಿದ್ದು ಅಲ್ಲಿ. 1996ರಲ್ಲಿ ಅದು ಅಟ್ಲಾಂಟಾ ಒಲಿಂಪಿಕ್ಸ್ ಸೇರಿತು. ಒಲಿಂಪಿಕ್ಸ್‌ನ ಈಗಿನ ಕ್ರಾಸ್ ಕಂಟ್ರಿ ಸ್ಪರ್ಧೆ ಹೆಚ್ಚುಕಡಿಮೆ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ದೂರದ ಸ್ಪರ್ಧೆಗಳ ಲೆಕ್ಕವೇ ಬೇರೆ. ಅಮೆರಿಕದ ಕೊಲರಾಡೊದಲ್ಲಿರುವ ಲೆಡ್‌ವಿಲ್ ಸಮುದ್ರಮಟ್ಟದಿಂದ 3,000 ಮೀಟರ್‌ಗೂ ಮೇಲಿರುವ ಗಣಿ ಊರು. 1982ರಲ್ಲಿ ಅಲ್ಲಿನ ಕ್ಲೈಮ್ಯಾಕ್ಸ್ ಗಣಿ ನಿಂತು ಊರೆಲ್ಲ ಕೆಲಸ ಕಳೆದುಕೊಂಡಾಗ, ಗಣಿ ಕಾರ್ಮಿಕ ಕೆನ್ ಕ್ಲೌಬರ್ ಮರುವರ್ಷವೇ ನೂರು ಮೈಲಿಯ ಓಟವೊಂದನ್ನು ಶುರುಮಾಡಿದರು. 1994ರಲ್ಲಿ ಅದಕ್ಕೆ ಮೌಂಟನ್ ಬೈಕ್ ಸ್ಪರ್ಧೆಯೂ ಜತೆಯಾಯಿತು. ಹನ್ನೆರಡು ಗಂಟೆಯೊಳಗೆ ಮುಗಿಸಿದವರಿಗೆ ಸಿಗುವುದು ಸೊಂಟಪಟ್ಟಿಯ ಒಂದು ಬಕಲ್. ದಕ್ಷಿಣ ಆಫ್ರಿಕಾದ ಕೇಪ್ ಎಪಿಕ್‌ನಲ್ಲಿ ಇಬ್ಬಿಬ್ಬರು ಜೋಡಿಯಾಗಿ ಎಂಟು ದಿನ ತುಳಿಯುತ್ತಾರೆ. ಕೆನಡಾದ ಬ್ಯಾಂಫ್‌ನಿಂದ ಮೆಕ್ಸಿಕೊ ಗಡಿಯವರೆಗಿನ ಟೂರ್ ಡಿವೈಡ್‌ನ ದೂರ 4,300 ಕಿ.ಮೀ.ಗೂ ಹೆಚ್ಚು. ಅಲ್ಲಿ ಊಟ, ನಿದ್ದೆ, ರಿಪೇರಿ ಎಲ್ಲವೂ ಸವಾರರದೇ ಹೊಣೆ. ವೇಗಿಗಳಿಗೇ ಹತ್ತಿರ ಹತ್ತಿರ ಎರಡು ವಾರ ಹಿಡಿಯುತ್ತದೆ.

ಈ ಸ್ಪರ್ಧೆಗಳಿಗೆ ಹೆಸರು ಕೊಡುವವರಲ್ಲಿ ವೃತ್ತಿಪರರು ಬೆರಳೆಣಿಕೆಯಷ್ಟು. ಉಳಿದವರು ನೌಕರಿ, ಸಂಸಾರ, ಮಕ್ಕಳ ಶಾಲೆಯ ನಡುವೆ ಸಮಯ ಹೊಂದಿಸಿಕೊಂಡು ಬರುವ ಹವ್ಯಾಸಿಗಳು. ಅವರೊಳಗೆ ಭಾನುವಾರ ಚರ್ಚ್ ತಪ್ಪಿಸದ ಕ್ರೈಸ್ತರೂ ಇದ್ದಾರೆ. ನಂಬಿಕೆ ಒಂದು ಕಡೆಗೆ ಎಳೆಯುತ್ತದೆ, ಸೈಕಲ್ ಇನ್ನೊಂದು ಕಡೆಗೆ, ಇವರು ನಡುವೆ ಸಿಕ್ಕಿಕೊಂಡಿದ್ದಾರೆ ಎಂಬುದು ಹೊರಗಿನವರ ಸಾಮಾನ್ಯ ಗ್ರಹಿಕೆ. ಹತ್ತಿರದಿಂದ ನೋಡಿದರೆ ಇಕ್ಕಟ್ಟು ಇರುವುದು ಬೇರೆ ಕಡೆ. ಆರಾಧನೆ ಮತ್ತು ತರಬೇತಿ ಬಹುಪಾಲು ಒಂದಕ್ಕೊಂದು ಒದಗಿಬರುತ್ತವೆ. ಎರಡಕ್ಕೂ ಬೇಕಾದ ಗಂಟೆಗಳನ್ನು ಕೊಡುತ್ತಿರುವುದು ಮನೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೊದಲು ಗಂಟೆಗಳ ವಿಷಯ. ನೂರು ಮೈಲಿಯ ಸ್ಪರ್ಧೆಯನ್ನು ಮರ್ಯಾದೆಯಿಂದ ಮುಗಿಸಲು ಹವ್ಯಾಸಿಗಳು ವಾರಕ್ಕೆ ಎಂಟರಿಂದ ಹನ್ನೆರಡು ಗಂಟೆಯ ತರಬೇತಿಯನ್ನು ತಿಂಗಳುಗಟ್ಟಲೆ ನಡೆಸುವುದು ರೂಢಿ. ಅದರಲ್ಲಿ ಸುಮಾರು ನೂರಕ್ಕೆ ಎಂಬತ್ತರಷ್ಟು ಪಕ್ಕದವರೊಂದಿಗೆ ಮಾತಾಡುತ್ತ ತುಳಿಯಬಹುದಾದ ಹಗುರ ವೇಗದ್ದು, ಉಳಿದದ್ದು ಏದುಸಿರು ಬರಿಸುವಂಥದ್ದು ಎಂಬ ಹಂಚಿಕೆಯನ್ನು ಅನೇಕ ತರಬೇತುದಾರರು ಒಪ್ಪುತ್ತಾರೆ. ಸಾಮಾನ್ಯವಾಗಿ ವಾರದಲ್ಲೊಮ್ಮೆ ನಾಲ್ಕೈದು ಗಂಟೆಯ ದೀರ್ಘ ಸವಾರಿ ಇರುತ್ತದೆ. ದೇಹ ಕೊಬ್ಬನ್ನು ಇಂಧನವಾಗಿ ಬಳಸಲು ಕಲಿಯುವುದು ಆಗ. ಗಂಟೆಗೆ 60ರಿಂದ 90 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗಿಳಿಸುತ್ತ ಮುಂದೆ ಸಾಗುವ ಅಭ್ಯಾಸವೂ ಆಗಲೇ ಆಗಬೇಕು.

ಹೊಸಬರಿಗೆ ನಂಬಲು ಕಷ್ಟವಾಗುವ ಸಂಗತಿಯೊಂದಿದೆ. ಬಲ ಬರುವುದು ತುಳಿಯುವಾಗ ಅಲ್ಲ, ಬಿಟ್ಟಾಗ. ಸವಾರಿ ಸ್ನಾಯುವಿನ ಎಳೆಗಳನ್ನು ಜಖಂ ಮಾಡಿ ಗ್ಲೈಕೋಜನ್ ಎಂಬ ಇಂಧನದ ದಾಸ್ತಾನನ್ನು ಬರಿದು ಮಾಡುತ್ತದೆ. ಅವು ಮೊದಲಿಗಿಂತ ಗಟ್ಟಿಯಾಗಿ ಕಟ್ಟಿಕೊಳ್ಳುವುದು ಊಟ, ನಿದ್ದೆ, ವಿಶ್ರಾಂತಿಯಲ್ಲಿ. ಮೂರು ವಾರ ದುಡಿದು ನಾಲ್ಕನೆಯ ವಾರ ಹಗುರಗೊಳಿಸುವ ಪದ್ಧತಿಗೂ, ಸ್ಪರ್ಧೆಗೆ ಎರಡು ವಾರ ಮೊದಲೇ ತರಬೇತಿ ಇಳಿಸುವ ಪದ್ಧತಿಗೂ ಇದೇ ಆಧಾರ. ವಾರಕ್ಕೊಂದು ದಿನ ಪೂರ್ತಿ ಬಿಡುವು ಸೋಮಾರಿತನವಲ್ಲ, ತರಬೇತಿಯದೇ ಭಾಗ. ಏಳರಲ್ಲಿ ಒಂದು ದಿನ ಕೆಲಸ ನಿಲ್ಲಿಸಬೇಕೆಂಬ ಸಬ್ಬತ್ತಿನ ನಿಯಮ ದೇಹಶಾಸ್ತ್ರದ ಪಾಠವಾಗಿ ಹುಟ್ಟಿದ್ದಲ್ಲ. ಸೃಷ್ಟಿಕರ್ತನೇ ವಿಶ್ರಮಿಸಿದ ಎಂಬ ನಂಬಿಕೆ ಅದರ ಬೇರು. ಆದರೂ ಅದನ್ನು ನಿಷ್ಠೆಯಿಂದ ಪಾಲಿಸುವ ಸವಾರರಿಗೆ, ಉಳಿದವರು ಕೋಚ್‌ಗೆ ಹಣ ಕೊಟ್ಟು ಕಲಿಯುವ ಶಿಸ್ತು ಬಾಲ್ಯದಿಂದಲೇ ಬಂದಿರುತ್ತದೆ.

ದೇಹದ ಸಾಧನೆಯ ಬಗ್ಗೆ ಕ್ರೈಸ್ತ ಪರಂಪರೆಗೆ ಮೊದಲಿನಿಂದಲೂ ಎರಡು ಮನಸ್ಸು. ಕೊರಿಂಥ ನಗರದ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯನ್ ಕ್ರೀಡೆಗಳು ನಡೆಯುತ್ತಿದ್ದವು. ಆ ಊರಿನ ವಿಶ್ವಾಸಿಗಳಿಗೆ ಬರೆದ ಪತ್ರದಲ್ಲಿ ಸಂತ ಪೌಲ ಓಟಗಾರರ ಸಂಯಮವನ್ನೇ ಮಾದರಿಯಾಗಿ ತೋರಿಸುತ್ತಾನೆ. ಅವರು ಗೆಲ್ಲುವ ಎಲೆಯ ಕಿರೀಟ ಬಾಡಿಹೋಗುವಂಥದ್ದು ಎಂದೂ ನೆನಪಿಸುತ್ತಾನೆ. ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ ದೇಹದ ವ್ಯಾಯಾಮಕ್ಕೆ ಬೆಲೆಯಿದೆ, ಆದರೆ ಅದು ಅಲ್ಪ ಎಂಬ ತೂಕದ ಮಾತಿದೆ. ಆ ಅಲ್ಪವನ್ನು ಎಷ್ಟೆಂದು ಅಳೆಯಬೇಕೆಂಬ ಬಗ್ಗೆ ಚರ್ಚೆ ಶತಮಾನಗಳ ಕಾಲ ನಡೆದಿದೆ. ಇಂಗ್ಲೆಂಡಿನಲ್ಲಿ 1618ರಲ್ಲಿ ಒಂದನೆಯ ಜೇಮ್ಸ್ ದೊರೆ, ಭಾನುವಾರದ ಆರಾಧನೆ ಮುಗಿದ ಮೇಲೆ ಬಿಲ್ಲುಗಾರಿಕೆ, ಕುಣಿತ, ಜಿಗಿತಗಳಿಗೆ ಅಡ್ಡಿಯಿಲ್ಲ ಎಂದು ಘೋಷಣೆ ಹೊರಡಿಸಿದ. ಭಾನುವಾರವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಪ್ಯೂರಿಟನ್ನರು ಅದನ್ನು ಸಹಿಸಲಿಲ್ಲ. 1643ರಲ್ಲಿ ಸಂಸತ್ತು ಆ ಘೋಷಣೆಯ ಪ್ರತಿಗಳನ್ನು ಸುಡುವಂತೆ ಆದೇಶಿಸಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಗಾಳಿ ತಿರುಗಿತು. ಚಾರ್ಲ್ಸ್ ಕಿಂಗ್ಸ್ಲಿ, ಥಾಮಸ್ ಹ್ಯೂಸ್ ಮುಂತಾದವರ ಬರಹಗಳಿಂದ, ಗಟ್ಟಿಮುಟ್ಟಾದ ದೇಹವೂ ದೇವರ ಸೇವೆಗೆ ಸಲ್ಲುತ್ತದೆ ಎಂಬ ವಿಚಾರ ಹರಡಿತು. 1844ರಲ್ಲಿ ಲಂಡನ್ನಿನಲ್ಲಿ ಪ್ರಾರ್ಥನಾ ಕೂಟವಾಗಿ ಆರಂಭವಾದ ವೈಎಂಸಿಎ ಮುಂದೆ ವ್ಯಾಯಾಮಶಾಲೆಗಳನ್ನು ಕಟ್ಟಿತು. ಬಾಸ್ಕೆಟ್‌ಬಾಲ್, ವಾಲಿಬಾಲ್ ಎರಡೂ ಅದರ ಅಂಗಳದಲ್ಲೇ ಹುಟ್ಟಿದ ಆಟಗಳು. 1890ರ ದಶಕದಲ್ಲಿ ಸೈಕಲ್ ಹುಚ್ಚು ಹಬ್ಬಿದಾಗ, ಭಾನುವಾರದ ಸವಾರಿಗಾಗಿ ಜನ ಚರ್ಚ್ ಬಿಡುತ್ತಿದ್ದಾರೆಂದು ಬ್ರಿಟನ್, ಅಮೆರಿಕಗಳ ಪಾದ್ರಿಗಳು ವೇದಿಕೆಯಿಂದಲೇ ದೂರಿದರು. ಕೆಲವರು ಮಾತ್ರ ಚರ್ಚಿನ ಬಳಿ ಸೈಕಲ್ ನಿಲ್ಲಿಸಲು ಜಾಗ ಮಾಡಿಕೊಟ್ಟರು. ದೂರಿದವರಿಗಿಂತ ಇವರೇ ಜನರ ಮನಸ್ಸನ್ನು ಚೆನ್ನಾಗಿ ಅರಿತಿದ್ದರು.

ಭಾನುವಾರದ ಪ್ರಶ್ನೆ ಬಂದಾಗಲೆಲ್ಲ ನೆನಪಾಗುವ ಹೆಸರು ಸ್ಕಾಟ್ಲೆಂಡಿನ ಎರಿಕ್ ಲಿಡೆಲ್. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಹೀಟ್ಸ್ ಭಾನುವಾರ ಬಿದ್ದದ್ದರಿಂದ ಅವರು ಅದನ್ನು ಬಿಟ್ಟುಕೊಟ್ಟರು. 400 ಮೀಟರ್‌ಗೆ ತಯಾರಾಗಿ 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಅವರ ಬದುಕಿನ ಕೊನೆಯ ಭಾಗ ಇನ್ನೂ ಹೆಚ್ಚಿನದನ್ನು ಕಲಿಸುತ್ತದೆ. ಮಿಷನರಿಯಾಗಿ ಚೀನಾಕ್ಕೆ ಹೋಗಿದ್ದ ಲಿಡೆಲ್ ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ವೆಯ್‌ಶಿಯನ್ ಬಂಧನ ಶಿಬಿರ ಸೇರಬೇಕಾಯಿತು. ಅಲ್ಲಿನ ಹರೆಯದ ಮಕ್ಕಳು ಭಾನುವಾರ ತಾವೇ ಹಾಕಿ ಆಡಲು ಹೋಗಿ ಜಗಳವಾಡಿಕೊಂಡಾಗ, ಅವರಿಗಾಗಿ ಭಾನುವಾರವೂ ಅಂಪೈರ್ ಆಗಿ ಮೈದಾನಕ್ಕಿಳಿದರು. ತಮ್ಮ ಕೀರ್ತಿಗಾಗಿ ಮುರಿಯದ ನಿಯಮವನ್ನು ಮಕ್ಕಳಿಗಾಗಿ ಸಡಿಲಿಸಿದ ಈ ವಿವೇಕ ಒಲಿಂಪಿಕ್ ಪದಕಕ್ಕಿಂತ ದೊಡ್ಡದು. ಬಿಡುಗಡೆ ಕಾಣದೆ 1945ರ ಫೆಬ್ರವರಿಯಲ್ಲಿ ಅವರು ಶಿಬಿರದಲ್ಲೇ ತೀರಿಕೊಂಡರು.

ಸೈಕಲ್‌ನ ಲೋಕದಲ್ಲಿ ಅಷ್ಟೇ ಎತ್ತರದ ಹೆಸರು ಇಟಲಿಯ ಜಿನೊ ಬಾರ್ತಾಲಿಯದು. 1914ರಲ್ಲಿ ಫ್ಲಾರೆನ್ಸ್ ಬಳಿ ಹುಟ್ಟಿದ ಅವರು 1938 ಮತ್ತು 1948ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದರು. ಮೂರು ಬಾರಿ ಜಿರೊ ದಿ ಇಟಾಲಿಯಾವೂ ಅವರದಾಯಿತು. ಆ ಕಾಲದ ಪರ್ವತ ಕಣಿವೆಗಳ ಅನೇಕ ರಸ್ತೆಗಳಿಗೆ ಡಾಂಬರಿರಲಿಲ್ಲ. ಕಲ್ಲು, ಕೆಸರು, ಧೂಳಿನಲ್ಲಿ ತುಳಿಯುತ್ತಿದ್ದ ಅವರ ಸವಾರಿ ಇಂದಿನ ಮೌಂಟನ್ ಬೈಕಿಂಗ್‌ಗೇ ಹೆಚ್ಚು ಹತ್ತಿರ. ತಮ್ಮ ಜುಲಿಯೊ 1936ರಲ್ಲಿ ಸ್ಪರ್ಧೆಯೊಂದರಲ್ಲಿ ಗಾಯಗೊಂಡು ಸತ್ತಾಗ ಬಾರ್ತಾಲಿ ಸೈಕಲ್ಲನ್ನೇ ಬಿಡುವ ಯೋಚನೆಯಲ್ಲಿದ್ದರು. ಆಮೇಲೆ ಕಾರ್ಮೆಲ್ ಸಭೆಯ ಗೃಹಸ್ಥ ಸದಸ್ಯರಾಗಿ ಪ್ರಾರ್ಥನೆಯ ಬದುಕನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದರು. ಯುದ್ಧಕಾಲದಲ್ಲಿ, ಕಾರ್ಡಿನಲ್ ಎಲಿಯಾ ದಲ್ಲಾ ಕೋಸ್ತಾ ಅವರ ಗುಪ್ತ ಜಾಲದ ಭಾಗವಾಗಿ, ಯಹೂದಿಗಳಿಗೆ ಬೇಕಾದ ಸುಳ್ಳು ಗುರುತುಪತ್ರಗಳನ್ನು ಸೈಕಲ್‌ನ ಕೊಳವೆಗಳಲ್ಲಿ ಅಡಗಿಸಿ ಫ್ಲಾರೆನ್ಸ್, ಅಸ್ಸಿಸಿಗಳ ನಡುವೆ ಸಾಗಿಸಿದರು. ತಡೆದವರಿಗೆ ತರಬೇತಿ ಸವಾರಿ ಎಂಬ ಸಬೂಬು ಸಾಕಾಗುತ್ತಿತ್ತು. ಬದುಕಿರುವವರೆಗೆ ಅವರು ಇದನ್ನು ಊರಿಗೆ ಸಾರಲಿಲ್ಲ. ತೀರಿಕೊಂಡು ಹದಿಮೂರು ವರ್ಷಗಳಾದ ಮೇಲೆ, 2013ರಲ್ಲಿ, ಜೆರುಸಲೇಮಿನ ನರಮೇಧ ಸ್ಮಾರಕ ಸಂಸ್ಥೆ ಯಾದ್ ವಾಶೆಮ್, ಯಹೂದಿಗಳನ್ನು ಕಾಪಾಡಿದ ಅನ್ಯಧರ್ಮೀಯರಿಗೆ ಕೊಡುವ ಗೌರವವನ್ನು ಅವರಿಗೆ ನೀಡಿತು. ನಂಬಿಕೆ, ನಿತ್ಯದ ಬದುಕು, ತರಬೇತಿ ಮೂರೂ ಒಂದೇ ಸವಾರಿಯಲ್ಲಿ ಕೂಡಿದ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ.

ಬಾರ್ತಾಲಿಯ ನಾಡಿನಲ್ಲೇ, ಕೋಮೊ ಸರೋವರದ ಮೇಲಿನ ಗಿಸಾಲ್ಲೊ ಕಣಿವೆಯಲ್ಲಿ ಮರಿಯಮ್ಮನವರ ಪುಟ್ಟ ದೇವಾಲಯವಿದೆ. ಪೋಪ್ ಹನ್ನೆರಡನೆಯ ಪಿಯುಸ್ 1949ರಲ್ಲಿ ಗಿಸಾಲ್ಲೊದ ಮಾತೆಯನ್ನು ಸೈಕಲ್ ಸವಾರರ ಪಾಲಕಿಯೆಂದು ಸಾರಿದರು. ಗೋಡೆಗಳ ಮೇಲೆ ಚಾಂಪಿಯನ್ನರ ಸೈಕಲ್‌ಗಳಿವೆ. 1995ರ ಟೂರ್ ಡಿ ಫ್ರಾನ್ಸ್‌ನಲ್ಲಿ ಬಿದ್ದು ಸತ್ತ ಫಾಬಿಯೊ ಕಸಾರ್ತೆಲ್ಲಿಯ ಜಜ್ಜಿಹೋದ ಸೈಕಲ್ಲೂ ಅಲ್ಲಿದೆ.

ಕ್ಯಾಲೆಂಡರಿನ ತೊಡಕು ಪಂಗಡದಿಂದ ಪಂಗಡಕ್ಕೆ ಬೇರೆ. ಲೆಡ್‌ವಿಲ್ ಸ್ಪರ್ಧೆ ಆಗಸ್ಟಿನ ಒಂದು ಶನಿವಾರ ನಡೆಯುವುದರಿಂದ ಭಾನುವಾರ ಪಾಲಿಸುವವರಿಗೆ ಚಿಂತೆಯಿಲ್ಲ. ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಸೂರ್ಯಾಸ್ತದವರೆಗೆ ಸಬ್ಬತ್ ಪಾಲಿಸುವ ಸೆವೆಂತ್ ಡೇ ಅಡ್ವೆಂಟಿಸ್ಟರಿಗೆ ಮಾತ್ರ ಅದು ಮುಚ್ಚಿದ ಬಾಗಿಲು. ಕೇಪ್ ಎಪಿಕ್ ಭಾನುವಾರ ಶುರುವಾಗಿ ಭಾನುವಾರ ಮುಗಿಯುತ್ತದೆ. ಟೂರ್ ಡಿವೈಡ್‌ನಲ್ಲಿ ಗಡಿಯಾರ ನಿಲ್ಲುವುದೇ ಇಲ್ಲ. ದಾರಿಯಲ್ಲಿ ಎರಡು ಮೂರು ಭಾನುವಾರ ಬಂದೇ ಬರುತ್ತವೆ. ಬೆಂಗಳೂರು ಸೇರಿದಂತೆ ನಮ್ಮ ನಗರಗಳಲ್ಲಿ ಹವ್ಯಾಸಿ ಓಟ, ಸೈಕಲ್ ಸ್ಪರ್ಧೆಗಳು ಹೆಚ್ಚಾಗಿ ನಡೆಯುವುದು ಭಾನುವಾರ ಬೆಳಗಿನ ಹೊತ್ತು, ಅಂದರೆ ಚರ್ಚಿನ ಬಲಿಪೂಜೆಯ ಹೊತ್ತಿಗೇ. ಕಥೋಲಿಕರಿಗೆ ಹಿಂದಿನ ದಿನ ಸಂಜೆಯ ಪೂಜೆಯಲ್ಲಿ ಪಾಲ್ಗೊಂಡರೂ ಭಾನುವಾರದ ಕರ್ತವ್ಯ ಸಲ್ಲುತ್ತದೆ ಎಂದು 1983ರ ಧರ್ಮಸಭಾ ಕಾನೂನು ಹೇಳುತ್ತದೆ. ಪ್ರಾಟೆಸ್ಟಂಟರಲ್ಲಿ ಇಂಥ ಒಂದೇ ನಿಯಮವಿಲ್ಲ. ಸಭೆಯ ಸಂಪ್ರದಾಯ, ಅವರವರ ಅಂತಃಸಾಕ್ಷಿ ತೀರ್ಮಾನಿಸುತ್ತವೆ. ವರ್ಷಕ್ಕೊಂದು ಸ್ಪರ್ಧೆಗಾಗಿ ಒಂದು ಭಾನುವಾರ ತಪ್ಪುವುದು ಒಂದು ವಿಷಯ. ತರಬೇತಿಯ ನೆಪದಲ್ಲಿ ಆರು ತಿಂಗಳು ಸಭೆಯ ಮುಖ ನೋಡದಿರುವುದು ಬೇರೆಯೇ ವಿಷಯ.

ಈಸ್ಟರ್‌ಗೆ ಮುಂಚಿನ ಉಪವಾಸದ ಅವಧಿಯಾದ ತಪಸ್ಸುಕಾಲ ಬರುವುದು ಫೆಬ್ರವರಿಯಿಂದ ಏಪ್ರಿಲ್ ನಡುವೆ, ಉತ್ತರಾರ್ಧ ಗೋಳದ ಸವಾರರು ತಳಪಾಯದ ದೀರ್ಘ ಸವಾರಿಗಳನ್ನು ಮಾಡುವ ಹೊತ್ತಿನಲ್ಲಿ. ಕಥೋಲಿಕರಿಗೆ ಕಡ್ಡಾಯ ಉಪವಾಸ ಎರಡೇ ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಆ ದಿನಗಳನ್ನು ಬಿಡುವಿನ ದಿನಗಳಾಗಿ ಗೊತ್ತುಮಾಡಿಕೊಂಡರೆ ತೊಂದರೆ ಮುಗಿಯಿತು. ಆರ್ಥಡಾಕ್ಸ್ ಪಂಗಡಗಳಲ್ಲಿ ಮಾಂಸ, ಹಾಲು, ಮೊಟ್ಟೆ ಬಿಡುವ ವ್ರತ ವಾರಗಟ್ಟಲೆ ನಡೆಯುತ್ತದೆ. ಅವರಿಗೆ ಬೇಳೆ ಕಾಳುಗಳಿಂದ ಪ್ರೋಟೀನ್ ತುಂಬಿಕೊಳ್ಳುವ ಎಚ್ಚರ ಬೇಕು. ಹೊಟ್ಟೆಗಿಲ್ಲದೆ ನಾಲ್ಕು ಗಂಟೆ ಬೆಟ್ಟ ಹತ್ತುವುದನ್ನು ಭಕ್ತಿ ಎಂದುಕೊಳ್ಳುವುದು ತಪ್ಪು.

ಸವಾರಿಯಲ್ಲೇ ಪ್ರಾರ್ಥನೆ ಸಾಧ್ಯವೇ? ಹಗುರ ವೇಗದ ಗಂಟೆಗಳಲ್ಲಿ ಖಂಡಿತ ಸಾಧ್ಯ. ಉಸಿರಿಗೆ ಹೊಂದಿಸಿ ಯೇಸುವಿನ ಹೆಸರನ್ನು ಜಪಿಸುವ ಪದ್ಧತಿ ಪೂರ್ವದ ಸನ್ಯಾಸಿಗಳಲ್ಲಿ ಬಹು ಹಳೆಯದು. ಜಪಸರದ ಪ್ರಾರ್ಥನೆಯ ಲಯವೂ ಪೆಡಲಿನ ಲಯಕ್ಕೆ ಒಗ್ಗುತ್ತದೆ. ಕಡಿದಾದ ಕಲ್ಲಿನ ಇಳಿಜಾರಿನಲ್ಲಿ ಮಾತ್ರ ಕಣ್ಣು, ಮನಸ್ಸು ಹಾದಿಯ ಮೇಲೇ ಇರಬೇಕು. ಜಪಕ್ಕಿಂತ ಆಳವಾದ ನೆರವು ನಾಲ್ಕನೆಯ ಶತಮಾನದ ಈಜಿಪ್ಟಿನ ಮರುಭೂಮಿಯಿಂದ ಬರುತ್ತದೆ. ಅಲ್ಲಿದ್ದ ಸನ್ಯಾಸಿ ಪೊಂಟಸ್‌ನ ಇವಾಗ್ರಿಯಸ್, ನಡುಹಗಲಲ್ಲಿ ಸಾಧಕರನ್ನು ಕಾಡುವ ಒಂದು ಸ್ಥಿತಿಯನ್ನು ವಿವರಿಸಿದ್ದಾನೆ. ಹೊತ್ತು ಸರಿಯುವುದೇ ಇಲ್ಲ ಎನ್ನಿಸುತ್ತದೆ, ಇರುವ ಜಾಗ ಬೇಸರ ತರಿಸುತ್ತದೆ, ಬಿಟ್ಟುಬಂದ ಮನೆ ನೆನಪಾಗುತ್ತದೆ, ಮಾಡುತ್ತಿರುವುದೆಲ್ಲ ವ್ಯರ್ಥ ಎಂಬ ವಾದ ಒಳಗಿನಿಂದಲೇ ಏಳುತ್ತದೆ. ಸ್ಪರ್ಧೆಯ ಏಳನೆಯ ಗಂಟೆಯನ್ನು ಕಂಡ ಯಾವ ಸವಾರರಿಗೂ ಇದರ ಗುರುತು ಸಿಗುತ್ತದೆ. ಇವಾಗ್ರಿಯಸ್ ಹೇಳುವ ಮದ್ದೂ ಸರಳ: ಜಾಗ ಬಿಡದೆ ಕೈಯಲ್ಲಿರುವ ಚಿಕ್ಕ ಕೆಲಸವನ್ನು ಮುಂದುವರಿಸಬೇಕು, ಪ್ರಾರ್ಥಿಸಬೇಕು. ಮುಂದಿನ ತಿರುವಿನವರೆಗೆ ಮಾತ್ರ ಯೋಚಿಸು ಎಂದು ಇಂದಿನ ಕೋಚ್‌ಗಳು ಹೇಳುವುದೂ ಇದನ್ನೇ.

ಅಪಾಯ ಇರುವುದು ಕ್ರೀಡೆಯೇ ದೇವರಾದಾಗ. ಗಾಯವಾದರೂ ನಿಲ್ಲಿಸಲಾಗದಿರುವುದು, ಬಿಡುವಿನ ದಿನ ಅಪರಾಧವೆನ್ನಿಸುವುದು, ಸೋತ ದಿನ ತನಗೇ ಬೆಲೆಯಿಲ್ಲ ಎನ್ನಿಸುವುದು ಅದರ ಲಕ್ಷಣಗಳು. ಇವುಗಳಲ್ಲಿ ಕೆಲವನ್ನು ವೈದ್ಯರು ವ್ಯಾಯಾಮದ ಚಟದ ಚಿಹ್ನೆಗಳೆಂದು ಗುರುತಿಸುತ್ತಾರೆ. ಗುರುಗಳು ಇವನ್ನೇ ವಿಗ್ರಹಾರಾಧನೆ ಎನ್ನುತ್ತಾರೆ. ಕ್ರೀಡೆಯ ಕುರಿತು ವ್ಯಾಟಿಕನ್ 2018ರಲ್ಲಿ ಪ್ರಕಟಿಸಿದ ದಸ್ತಾವೇಜು ಆಟದ ಸಂತೋಷವನ್ನು ಮನಸಾರೆ ಮೆಚ್ಚುತ್ತಲೇ ಡೋಪಿಂಗ್, ಭ್ರಷ್ಟಾಚಾರ, ದೇಹದ ದುರ್ಬಳಕೆಗಳ ಬಗ್ಗೆ ಎಚ್ಚರಿಸುತ್ತದೆ.

ಇನ್ನು ಮನೆ. ವಾರಕ್ಕೆ ಹತ್ತು ಗಂಟೆಯಂತೆ ಇಪ್ಪತ್ತು ವಾರ ಎಂದರೆ ಇನ್ನೂರು ಗಂಟೆ. ಸೈಕಲ್ ತೊಳೆಯುವುದು, ಚೈನಿಗೆ ಎಣ್ಣೆ ಹಾಕುವುದು, ಕಾಡಿನ ಹಾದಿಯವರೆಗೆ ಹೋಗಿಬರುವುದು ಇದರಲ್ಲಿ ಸೇರಿಲ್ಲ. ಕಚೇರಿ ಬಿಡುವುದಿಲ್ಲ, ಪ್ರಾರ್ಥನೆಯ ಹೊತ್ತು ನಿಗದಿಯಾಗಿರುತ್ತದೆ, ಹಾಗಾಗಿ ಇನ್ನೂರು ಗಂಟೆಯೂ ಸಂಗಾತಿ ಮತ್ತು ಮಕ್ಕಳ ಪಾಲಿನಿಂದಲೇ ಬರುತ್ತದೆ. ಶನಿವಾರ ಬೆಟ್ಟಕ್ಕೆ, ಭಾನುವಾರ ಚರ್ಚಿಗೆ ಹೋಗುವವರ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ, ಸಂತೆ ಮಾಡುವ ಕೆಲಸ ಒಬ್ಬರ ಮೇಲೇ ಬೀಳುತ್ತದೆ. ಮಾರ್ಟಿನ್ ಲೂಥರ್ ಹದಿನಾರನೆಯ ಶತಮಾನದಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದ. ದೇವರ ಕರೆ ಮಠದ ಗೋಡೆಯೊಳಗೆ ಮಾತ್ರ ಇಲ್ಲ, ಮಗುವಿನ ಬಟ್ಟೆ ಒಗೆಯುವ ತಂದೆಯ ಕೆಲಸವೂ ದೇವರ ಸೇವೆಯೇ ಎಂಬುದು ಅವನ ಬೋಧನೆ. ಹಾಗಿದ್ದ ಮೇಲೆ ಆ ಕೆಲಸ ಬಿಟ್ಟು ಬೆಟ್ಟಕ್ಕೆ ಹೋಗಿ ದೇವರನ್ನು ಹುಡುಕುತ್ತಿದ್ದೇನೆ ಎನ್ನುವುದರಲ್ಲಿ ಹುರುಳಿಲ್ಲ.

ದಾರಿಗಳಿವೆ. ಕಚೇರಿಗೆ ಸೈಕಲ್ಲಿನಲ್ಲೇ ಹೋಗಿಬರಬಹುದು. ಬೆಳಕು ಹರಿಯುವ ಮುನ್ನ ಒಂದು ಗಂಟೆ, ಮಕ್ಕಳು ಮಲಗಿದ ಮೇಲೆ ಮನೆಯೊಳಗಿನ ಟ್ರೇನರ್ ಮೇಲೆ ಮುಕ್ಕಾಲು ಗಂಟೆ ತುಳಿಯಬಹುದು. ದೀರ್ಘ ಸವಾರಿಯನ್ನು ಎರಡು ವಾರಕ್ಕೊಮ್ಮೆ ಇಟ್ಟುಕೊಂಡರೂ ನಡೆಯುತ್ತದೆ. ಸ್ಪರ್ಧೆಗೆ ಹೆಸರು ಕೊಡುವ ಮುನ್ನ ಮನೆಯವರೊಂದಿಗೆ ಕುಳಿತು ಮುಂದಿನ ಆರು ತಿಂಗಳ ಕ್ಯಾಲೆಂಡರ್ ತುಂಬಬೇಕು. ಮೊದಲು ಭಾನುವಾರಗಳು, ಆಮೇಲೆ ಮನೆಯ ಕಾರ್ಯಗಳು, ಉಳಿದ ಜಾಗದಲ್ಲಿ ತರಬೇತಿ. ಆ ಉಳಿದ ಜಾಗ ವಾರಕ್ಕೆ ಐದಾರು ಗಂಟೆಯನ್ನೂ ಮೀರದಿದ್ದರೆ, ಆ ವರ್ಷ ನೂರು ಮೈಲಿಯ ಆಸೆ ಬಿಟ್ಟು ಐವತ್ತು ಕಿ.ಮೀ. ಸ್ಪರ್ಧೆಗೆ ಹೆಸರು ಕೊಡುವುದೇ ಸರಿ.