ಮಲೆನಾಡಿನ ಚಿತ್ರಮಂದಿರಕ್ಕೆ ಮುಚ್ಚಿಗೆಯೇ ಮಾದರಿ

ಚಿತ್ರಮಂದಿರದ ಒಳಾಂಗಣಕ್ಕೆ ಪ್ರಕೃತಿಯ ಸ್ಪರ್ಶ ನೀಡಬೇಕೆಂದಾಗ ಬಹುತೇಕರಿಗೆ ಹೊಳೆಯುವುದು ಪ್ಲಾಸ್ಟಿಕ್ ಬಳ್ಳಿ, ಇಲ್ಲವೇ ಗೋಡೆ ತುಂಬ ಜಲಪಾತದ ಚಿತ್ರ. ಆದರೆ ಸಕಲೇಶಪುರ ತಾಲ್ಲೂಕಿನ ಯಸಳೂರಿನಂಥ ಊರಿನಲ್ಲಿ ಪುಟ್ಟ ಚಿತ್ರಮಂದಿರವೊಂದನ್ನು ರೂಪಿಸುವುದಾದರೆ ಮೊದಲು ಎದುರಾಗುವುದು ಅಲಂಕಾರದ ಪ್ರಶ್ನೆಯಲ್ಲ, ಮಳೆಯ ಪ್ರಶ್ನೆ. ಮುಂಗಾರಿನ ತಿಂಗಳುಗಳಲ್ಲಿ ತಗಡಿನ ಛಾವಣಿಯ ಮೇಲೆ ಮಳೆ ಸುರಿಯತೊಡಗಿದರೆ ತೆರೆಯ ಮೇಲಿನ ಸಂಭಾಷಣೆ ಪ್ರೇಕ್ಷಕರಿಗೆ ಕೇಳಿಸದು.

ಇದಕ್ಕೆ ಉತ್ತರ ಮಲೆನಾಡಿನ ಹಳೆಯ ಮನೆಗಳಲ್ಲೇ ಇದೆ. ಹೆಂಚಿನ ಮಾಡಿನ ಕೆಳಗೆ ಮರದ ಹಲಗೆಗಳ ಮುಚ್ಚಿಗೆ, ಅದರ ಮೇಲೆ ಮಣ್ಣಿನ ಹಾಸು, ಎರಡರ ನಡುವೆ ಅಟ್ಟ. ಭಾರವಾದ ಮಣ್ಣು ಸದ್ದನ್ನು ತಡೆಯುತ್ತದೆ. ಅಟ್ಟದ ಗಾಳಿಯ ಅಂತರವು ಮಾಡಿನ ಕಂಪನ ಕೆಳಗಿಳಿಯದಂತೆ ನೋಡಿಕೊಳ್ಳುತ್ತದೆ. ಇಂದಿನ ಧ್ವನಿತಜ್ಞರು ಅನುಸರಿಸುವ ತತ್ವವೂ ಇದೇ. ಆದರೆ ಸಭಾಂಗಣದ ಅಗಲಕ್ಕೆ ಮಣ್ಣಿನ ಭಾರ ಹೊರಬಲ್ಲ ತೊಲೆಗಳ ಲೆಕ್ಕಾಚಾರ ಎಂಜಿನಿಯರ್ ಕೈಯಲ್ಲೇ ಆಗಬೇಕು.

ಪ್ರತಿಧ್ವನಿಗೆ ಕಡಿವಾಣ

ಹೊರಗಿನ ಸದ್ದು ನಿಂತರೆ ಸಾಲದು, ಒಳಗಿನ ಸದ್ದೂ ಗೋಡೆಯಿಂದ ಗೋಡೆಗೆ ಪುಟಿಯಬಾರದು. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಉಪನ್ಯಾಸ ಕೊಠಡಿಯೊಂದರಲ್ಲಿ ಆಡಿದ ಮಾತು ಸುಮಾರು 5.5 ಸೆಕೆಂಡ್ ಅನುರಣಿಸುತ್ತಿತ್ತು. ವ್ಯಾಲೇಸ್ ಸೇಬಿನ್ ಎಂಬ ಭೌತವಿಜ್ಞಾನಿ ಅಲ್ಲಿ ಆಸನದ ಮೆತ್ತೆಗಳನ್ನು ಹರಡಿ, ಅನುರಣನ ಎಷ್ಟು ತಗ್ಗುವುದೆಂದು ಅಳೆದರು. ಸಭಾಂಗಣ ಧ್ವನಿಶಾಸ್ತ್ರಕ್ಕೆ ಬುನಾದಿ ಬಿದ್ದದ್ದು ಹೀಗೆ.

ಆ ಮೆತ್ತೆಗಳ ಕೆಲಸವನ್ನು ಹಾಸನ ಜಿಲ್ಲೆಯಲ್ಲಿ ತೆಂಗಿನ ನಾರು ಮಾಡಬಲ್ಲದು. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ತೆಂಗು ಹೇರಳ. ಗೋಡೆಯಿಂದ ಕೊಂಚ ಅಂತರ ಬಿಟ್ಟು ನಾರಿನ ಹಾಸನ್ನು ನಿಲ್ಲಿಸಿ, ಅದರ ಮುಂದೆ ಮೇದರು ಹೆಣೆದ ಬಿದಿರಿನ ತಟ್ಟಿಯನ್ನು ಕಟ್ಟಿದರೆ ಹೆಣಿಗೆಯ ಸಂದುಗಳ ಮೂಲಕ ಸದ್ದು ಒಳಹೊಕ್ಕು ನಾರಿನಲ್ಲಿ ಅಡಗುತ್ತದೆ. ತಟ್ಟಿಗೆ ದಪ್ಪ ಬಣ್ಣ ಬಳಿದು ಸಂದು ಮುಚ್ಚಿದರೆ ಶ್ರಮವೆಲ್ಲ ವ್ಯರ್ಥ.

ಬೆಳಕಿನ ವಿಷಯದಲ್ಲಿ ಕಾಫಿ ತೋಟವೇ ಪಾಠಶಾಲೆ. ಸಿಲ್ವರ್ ಓಕ್ ಮರಗಳ ಎಲೆಗಳಿಂದ ಸೋಸಿ ಬರುವ ಬಿಸಿಲಿನಂತೆ, ತಟ್ಟಿಯ ಹಿಂದಿನ ದೀಪಗಳು ಚಿತ್ರಾರಂಭಕ್ಕೆ ಮುನ್ನ ಹದವಾಗಿ ಬೆಳಗಿ ನಿಧಾನವಾಗಿ ಆರಬಹುದು. ತೆರೆಯ ಅಕ್ಕಪಕ್ಕದ ಗೋಡೆಗಳು ಮಾತ್ರ ಹುರಿದ ಕಾಫಿ ಬೀಜದಂತೆ ಗಾಢವಾಗಿರಬೇಕು. ತಿಳಿಬಣ್ಣದ ಗೋಡೆ ಬೆಳಕನ್ನು ಮರಳಿ ತೆರೆಗೇ ಚೆಲ್ಲಿ ಚಿತ್ರವನ್ನು ಮಸುಕಾಗಿಸುತ್ತದೆ.

ಸುರಕ್ಷತೆಗೆ ಆದ್ಯತೆ

ಬಿದಿರು, ನಾರು, ಮರ ಮೂರೂ ಬೆಂಕಿಗೆ ಬೇಗ ತುತ್ತಾಗುವ ವಸ್ತುಗಳು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಟ್ರಾನ್ಸ್‌ಫಾರ್ಮರ್‌ನಿಂದ ಹಬ್ಬಿದ ಬೆಂಕಿ, ಹೊಗೆಗೆ 59 ಮಂದಿ ಬಲಿಯಾದರು. ಹೊರಹೋಗುವ ದಾರಿಗಳಿಗೆ ತಡೆಯಿದ್ದದ್ದು ದುರಂತವನ್ನು ಹೆಚ್ಚಿಸಿತ್ತು. ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿದ ಬಿದಿರನ್ನು ಕೊರೆಯುವ ಹುಳು ಮುಟ್ಟದು, ಬೆಂಕಿಯೂ ತುಸು ತಡವಾಗಿ ಹತ್ತುತ್ತದೆ. ಹಾಗೆಂದು ಅಷ್ಟಕ್ಕೇ ನೆಮ್ಮದಿಪಡುವಂತಿಲ್ಲ. ನಾರಿಗೂ ಮರಕ್ಕೂ ಅಗ್ನಿನಿರೋಧಕ ಲೇಪ, ಪರೀಕ್ಷೆ ಅಗತ್ಯ. ಬಾಗಿಲಿನ ದಾರಿಯಲ್ಲಿ ಯಾವ ಅಲಂಕಾರವೂ ಇರಕೂಡದು. ಮಳೆಗಾಲದ ತೇವಕ್ಕೆ ನಾರು ಬೂಷ್ಟು ಹಿಡಿಯದಂತೆ ಅದರ ಹಿಂದೆ ಗಾಳಿ ಆಡಬೇಕು.

ಇಷ್ಟೆಲ್ಲ ಮಾಡಿದರೂ ಹಳ್ಳಿಯಲ್ಲಿ ಪ್ರೇಕ್ಷಕರು ಬರುತ್ತಾರೆಯೇ ಎಂಬ ಸಂದೇಹ ಸಹಜ. 1949ರಲ್ಲಿ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಂ, 1973ರಲ್ಲಿ ಚಿತ್ರಸಮಾಜ ಆರಂಭಿಸಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಗ್ರಾಮೀಣರಿಗೆ ತೋರಿಸಿತು. ಮಲೆನಾಡಿನ ಹಳ್ಳಿಗರಿಗೆ ಒಳ್ಳೆಯ ಚಿತ್ರದ ಹಸಿವಿದೆ ಎಂಬುದಕ್ಕೆ ಅದು ಸಾಕ್ಷಿ. ಮಳೆಗಾಲದಲ್ಲೂ ಮಾತು ಸ್ಪಷ್ಟವಾಗಿ ಕೇಳಿಸುವ, ಆಪತ್ತಿನಲ್ಲಿ ಸುಲಭವಾಗಿ ಹೊರಬರಬಹುದಾದ ಸೂರು ಅವರಿಗೆ ಬೇಕು. ಸ್ಥಳೀಯ ಸಾಮಗ್ರಿ ಆ ಕೆಲಸಕ್ಕೆ ಒದಗಿದರೆ ಅಂದವೂ ಜೊತೆಗೇ ಬರುತ್ತದೆ.