ಅಟ್ಟದ ಕೊಬ್ಬರಿ, ಒಣಗಿಸಿದ ಲಸಿಕೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತಾರೆ. ವರ್ಷದ ಹೊತ್ತಿಗೆ ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಉಪ್ಪು ಬೇಡ, ಫ್ರಿಜ್ಜೂ ಬೇಡ. ನೀರು ಹೋದರೆ ಕೆಡುವ ಕೆಲಸ ನಿಧಾನವಾಗುತ್ತದೆ ಎಂಬ ಈ ತಿಳಿವಳಿಕೆಯೇ ಈಗ ಅತ್ಯಾಧುನಿಕ ಲಸಿಕೆಗಳ ನೆರವಿಗೆ ಬಂದಿದೆ.

2021ರ ಜನವರಿ 16ರಂದು ದೇಶದಲ್ಲಿ ಕೋವಿಡ್ ಲಸಿಕೆ ಶುರುವಾದಾಗ ಇದ್ದದ್ದು ಎರಡು ಬಗೆ. ಕೋವ್ಯಾಕ್ಸಿನ್ ಹಳೆಯ ದಾರಿಯದು: ವೈರಸ್ಸನ್ನು ಬೆಳೆಸಿ, ನಿಷ್ಕ್ರಿಯಗೊಳಿಸಿ ಚುಚ್ಚುವುದು. ಹೆಚ್ಚಿನವರು ಹಾಕಿಸಿಕೊಂಡ ಕೋವಿಶೀಲ್ಡ್ ಬೇರೆಯದೇ. ಅದರಲ್ಲಿ ಕೊರೊನಾ ವೈರಸ್ ಇರಲೇ ಇಲ್ಲ. ಇದ್ದದ್ದು ಚಿಂಪಾಂಜಿಗಳಿಗೆ ನೆಗಡಿ ತರುವ ಅಡಿನೊವೈರಸ್. ಅದು ಮೈಯೊಳಗೆ ಹೆಚ್ಚಿಕೊಳ್ಳದಂತೆ ಒಂದಷ್ಟು ವಂಶವಾಹಿಗಳನ್ನು ಕಿತ್ತು, ಕೊರೊನಾದ ಮುಳ್ಳು ಪ್ರೋಟೀನಿನ ವಂಶವಾಹಿಯನ್ನು ಸೇರಿಸಿದ್ದರು. ಚಿಂಪಾಂಜಿಯದೇ ಏಕೆಂದರೆ, ಮನುಷ್ಯರ ಅಡಿನೊವೈರಸ್ ಅನೇಕರಿಗೆ ಮೊದಲೇ ತಗುಲಿರುತ್ತದೆ. ಅದನ್ನು ಬಳಸಿದರೆ ಲಸಿಕೆ ಕೆಲಸ ಮಾಡುವ ಮುಂಚೆಯೇ ಪ್ರತಿಕಾಯಗಳು ಅದನ್ನು ಹಿಡಿದುಬಿಡಬಹುದು.

ತೋಳಿನ ಸ್ನಾಯುವಿನ ಜೀವಕೋಶ ಆ ವಂಶವಾಹಿಯನ್ನು ಓದಿ ಮುಳ್ಳು ಪ್ರೋಟೀನನ್ನು ತಾನೇ ತಯಾರಿಸುತ್ತದೆ. ಪರಕೀಯ ಪ್ರೋಟೀನ್ ಕಂಡ ರೋಗನಿರೋಧಕ ವ್ಯವಸ್ಥೆ ಪ್ರತಿಕಾಯಗಳನ್ನು ಉಂಟುಮಾಡಿ, ಗುರುತನ್ನು ನೆನಪಿಟ್ಟುಕೊಳ್ಳುತ್ತದೆ. ಮರುದಿನದ ಜ್ವರ, ಮೈಕೈ ನೋವು ಈ ಗಡಿಬಿಡಿಯ ಫಲ. ರಕ್ತ ಹೆಪ್ಪುಗಟ್ಟುವ ತೀರಾ ಅಪರೂಪದ ತೊಂದರೆಯೂ ಈ ಬಗೆಯ ಲಸಿಕೆಯಲ್ಲಿ ಕಂಡುಬಂತು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ‘ನಮ್ಮ ಜೀನೇ ಬದಲಾಗುತ್ತದಂತೆ’ ಎಂಬ ಮಾತಿಗೆ ಹುರುಳಿಲ್ಲ: ಈ ವೈರಸ್ಸಿನ ಡಿಎನ್‌ಎ ಕೋಶಕೇಂದ್ರ ಹೊಕ್ಕರೂ ನಮ್ಮ ವರ್ಣತಂತುಗಳಿಂದ ಬೇರೆಯಾಗಿಯೇ ಉಳಿಯುತ್ತದೆ.

ಕೋವಿಶೀಲ್ಡ್ 2ರಿಂದ 8 ಡಿಗ್ರಿಯಲ್ಲಿ ಉಳಿಯುತ್ತಿತ್ತು. ಹಾಗಾಗಿ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಫ್ರಿಜ್ಜಿಗೂ, ಐಸ್ ಪ್ಯಾಕ್ ತುಂಬಿದ ಡಬ್ಬಿಗೂ ಅದು ಒಗ್ಗಿತು. ಅದೇ ಹೊತ್ತಿಗೆ ವಿದೇಶದಲ್ಲಿ ಬಂದ ಫೈಜರ್‌ನ ಎಂಆರ್‌ಎನ್‌ಎ ಲಸಿಕೆಗೆ ಮೊದಮೊದಲು ಮೈನಸ್ 70 ಡಿಗ್ರಿಯ ಚಳಿ ಬೇಕಿತ್ತು. ನಮ್ಮ ತಾಲ್ಲೂಕುಗಳಲ್ಲಿ ಅಂಥ ಪೆಟ್ಟಿಗೆ ಎಲ್ಲಿಂದ ತರುವುದು?

ಆರ್‌ಎನ್‌ಎ ಅಷ್ಟು ಸೂಕ್ಷ್ಮವಾಗಲು ಕಾರಣ ಅದರ ರಚನೆಯಲ್ಲೇ ಇದೆ. ಅದರ ಸಕ್ಕರೆ ಅಣುವಿನಲ್ಲಿ ಡಿಎನ್‌ಎಯಲ್ಲಿಲ್ಲದ ಒಂದು ಆಮ್ಲಜನಕ ಹೆಚ್ಚುವರಿ ಇದೆ. ನೀರಿನಲ್ಲಿದ್ದಾಗ ಅದೇ ಪಕ್ಕದ ಕೊಂಡಿಯನ್ನು ಮುರಿಯುತ್ತದೆ, ಸರಪಳಿ ತುಂಡಾಗುತ್ತದೆ. ಜೊತೆಗೆ ಆರ್‌ಎನ್‌ಎ ಕತ್ತರಿಸುವ ಕಿಣ್ವಗಳು ನಮ್ಮ ಕೈಬೆರಳಿನ ಮೇಲೂ ಇವೆ. ಅದಕ್ಕೇ ಅದನ್ನು ಕೊಬ್ಬಿನ ಅತಿಸಣ್ಣ ಗೋಲಿಗಳೊಳಗೆ ತುಂಬುತ್ತಾರೆ. ಆರ್‌ಎನ್‌ಎಯ ಒಂದು ಅಕ್ಷರವನ್ನು ಮಾರ್ಪಡಿಸಿದರೆ ದೇಹ ಅದರ ಮೇಲೆ ಅತಿಯಾಗಿ ಉರಿದುಬೀಳುವುದಿಲ್ಲ ಎಂದು 2005ರಲ್ಲಿ ತೋರಿಸಿದ ಕ್ಯಾಟಲಿನ್ ಕಾರಿಕೊ, ಡ್ರೂ ವೈಸ್‌ಮನ್ ಅವರಿಗೆ 2023ರ ನೊಬೆಲ್ ಬಂತು. ಶೈತ್ಯದ ಸಮಸ್ಯೆ ಮಾತ್ರ ಅದರಿಂದ ಬಗೆಹರಿಯಲಿಲ್ಲ.

ಭಾರತದಲ್ಲಿ ಇದಕ್ಕೆ ಎರಡು ಉತ್ತರ ಸಿಕ್ಕವು. ಅಹಮದಾಬಾದಿನ ಜೈಡಸ್ ಗಟ್ಟಿಯಾದ ಡಿಎನ್‌ಎಯನ್ನೇ ಆರಿಸಿಕೊಂಡಿತು. 2021ರ ಆಗಸ್ಟಿನಲ್ಲಿ ಅನುಮತಿ ಪಡೆದ ಅದರ ಜೈಕೋವ್-ಡಿ ಮನುಷ್ಯರಿಗಾಗಿ ಬಂದ ಜಗತ್ತಿನ ಮೊದಲ ಡಿಎನ್‌ಎ ಲಸಿಕೆ. ಅದಕ್ಕೆ ಸೂಜಿಯಿಲ್ಲ. ಅಂಗೈಯಲ್ಲಿ ಹಿಡಿಯುವ ಸಾಧನದ ಸ್ಪ್ರಿಂಗ್ ಬಿಟ್ಟುಕೊಂಡಾಗ ಲಸಿಕೆ ಕೂದಲೆಳೆಯಂಥ ಧಾರೆಯಾಗಿ ಚರ್ಮದೊಳಕ್ಕೆ ನುಗ್ಗುತ್ತದೆ. ಕರೆಂಟೂ ಬೇಡ. ಆದರೆ ಮೊದಲಿಗೆ ಮೂರು ಡೋಸ್ ಬೇಕಿತ್ತು, ಅದೇ ಅದರ ಕೊರತೆಯಾಗಿತ್ತು.

ಪುಣೆಯ ಜೆನ್ನೋವಾ ಎಂಆರ್‌ಎನ್‌ಎಯನ್ನೇ ಹಿಡಿದು ನೀರನ್ನು ತೆಗೆಯಿತು. ಲಸಿಕೆಯನ್ನು ಹೆಪ್ಪುಗಟ್ಟಿಸಿ, ಮಂಜುಗಡ್ಡೆ ನೀರಾಗಲು ಬಿಡದೆ ನಿರ್ವಾತದಲ್ಲಿ ನೇರ ಆವಿಯಾಗಿಸುವ ವಿಧಾನ ಅದು. 2023ರ ಜೂನ್‌ನಲ್ಲಿ ಒಪ್ಪಿಗೆ ಪಡೆದ ಅವರ ಒಮಿಕ್ರಾನ್ ಲಸಿಕೆ ಸಾಮಾನ್ಯ ಫ್ರಿಜ್ಜಿನ ತಂಪಿನಲ್ಲೇ ಉಳಿಯುತ್ತದೆ. ನನ್ನ ಮಟ್ಟಿಗೆ, ಹಳ್ಳಿಗಳ ಲೆಕ್ಕದಲ್ಲಿ ನೊಬೆಲ್ ಸಂಶೋಧನೆಯಷ್ಟೇ ತೂಕದ್ದು ಈ ಒಣಗಿಸುವ ಕೆಲಸ.

ಪುಡಿ ಲಸಿಕೆ ನಮ್ಮ ಆಸ್ಪತ್ರೆಗಳಿಗೆ ಹೊಸದೇನಲ್ಲ. ಮಕ್ಕಳ ಬಿಸಿಜಿ, ದಡಾರ-ರುಬೆಲ್ಲಾ ಲಸಿಕೆಗಳು ಬರುವುದು ಪುಡಿಯಾಗಿಯೇ. ನರ್ಸ್ ದ್ರಾವಕ ಬೆರೆಸಿದ ಮೇಲೆ ಅವುಗಳ ಆಯುಸ್ಸು ನಾಲ್ಕೇ ಗಂಟೆ, ಉಳಿದದ್ದನ್ನು ಎಸೆಯಬೇಕು. ಆದ್ದರಿಂದ ಲಸಿಕೆ ದಿನ ಮಗುವನ್ನು ಹೇಳಿದ ಹೊತ್ತಿಗೇ ಕರೆದುಕೊಂಡು ಹೋಗಿ.