ಬಣ್ಣದ ವೇಷಕ್ಕೆ ರಾ, ಬೆಳಗಿನ ಪತ್ರಿಕೆಗೆ ಜೆಪೆಗ್

ಯಕ್ಷಗಾನ ಬಯಲಾಟದ ರಂಗಸ್ಥಳದಷ್ಟು ಕ್ಯಾಮೆರಾವನ್ನು ಸತಾಯಿಸುವ ಜಾಗ ಇನ್ನೊಂದಿಲ್ಲ. ಒಂದು ಕಾಲಕ್ಕೆ ದೊಂದಿ ಬೆಳಕು ಇತ್ತು, ಆಮೇಲೆ ಗ್ಯಾಸ್‌ಲೈಟ್ ಬಂತು, ಟ್ಯೂಬ್‌ಲೈಟ್ ಬಂತು. ಈಗ ಒಂದು ಕಂಬದಲ್ಲಿ ಬಿಳಿ ಎಲ್‌ಇಡಿ, ಇನ್ನೊಂದರಲ್ಲಿ ಹಳದಿ ಹ್ಯಾಲೊಜೆನ್, ಮೇಲೆ ಬಣ್ಣ ಬದಲಾಯಿಸುವ ದೀಪಗಳು. ಬಣ್ಣದ ವೇಷ ಪ್ರವೇಶ ಮಾಡುವ ಹೊತ್ತಿಗೆ ಸರಿಯಾಗಿ ಯಾರೋ ಕೆಂಪು ದೀಪ ಹಾಕುತ್ತಾರೆ. ವೇಷದ ಉಡುಪಿನಲ್ಲೇ ಕೆಂಪು, ಮುಖವರ್ಣಿಕೆಯಲ್ಲೂ ಕೆಂಪು, ಅದರ ಮೇಲೆ ಕೆಂಪು ಬೆಳಕು. ಪಕ್ಕದಲ್ಲೇ ಕಿರೀಟ, ಎದೆಪದಕಗಳ ಹೊಳಪು. ಹಿಂದೆ ಹಿಮ್ಮೇಳದವರು ಅರ್ಧ ಕತ್ತಲಲ್ಲಿ. ಇಷ್ಟೂ ಒಂದೇ ಚೌಕಟ್ಟಿನೊಳಗೆ, ಸೆಕೆಂಡಿನ 500ನೇ ಒಂದು ಭಾಗದಲ್ಲಿ ಸಿಗಬೇಕು.

ನಾನು ಕುಂದಾಪುರದ ಕಡೆ ಸ್ಟುಡಿಯೊ ಇಟ್ಟುಕೊಂಡವನು. ಹಗಲು ಮದುವೆ, ಉಪನಯನ, ಗೃಹಪ್ರವೇಶ, ರಾತ್ರಿ ಆಟ. ಕೆಲಸ ಕಲಿಯಲು ಬರುವ ಹುಡುಗರು ಮೊದಲು ಕೇಳುವ ಪ್ರಶ್ನೆ ಒಂದೇ: "ಅಣ್ಣಾ, ರಾ ಹಾಕೂದಾ, ಜೆಪೆಗ್ ಹಾಕೂದಾ?" ವೀಡಿಯೊಗಳನ್ನು ನೋಡಿಕೊಂಡು ಬಂದವರಾದ್ದರಿಂದ ರಾ ಅಂದರೆ ದೊಡ್ಡವರದ್ದು, ಜೆಪೆಗ್ ಕಲಿಯುವವರದ್ದು ಎಂಬ ನಂಬಿಕೆ ಅವರಲ್ಲಿ ಆಗಲೇ ಬೇರೂರಿರುತ್ತದೆ. ಅದನ್ನು ಕಿತ್ತುಹಾಕುವುದು ನನ್ನ ಮೊದಲ ಪಾಠ. ಪ್ರತಿ ಚಿತ್ರಕ್ಕೂ ಯಾರಾದರೊಬ್ಬರು ಬಣ್ಣ ಎಷ್ಟು, ಹೊಳಪು ಎಷ್ಟು, ನೆರಳು ಎಷ್ಟು ಎಂದು ತೀರ್ಮಾನ ಮಾಡಲೇಬೇಕು. ಜೆಪೆಗ್ ಹಾಕಿದರೆ ಕ್ಯಾಮೆರಾ ಆ ಕ್ಷಣದಲ್ಲೇ ತೀರ್ಮಾನಿಸಿ ಮುಗಿಸುತ್ತದೆ. ರಾ ಹಾಕಿದರೆ ಆ ಕೆಲಸ ನಮ್ಮ ಕೈಗೆ, ಸಾವಕಾಶವಾಗಿ ಕೂತು ನೋಡುವ ಹೊತ್ತಿಗೆ ಉಳಿಯುತ್ತದೆ. ಉಳಿದ ಮಾತೆಲ್ಲ ಇದರಿಂದ ಹುಟ್ಟುವಂಥದ್ದು.

ಸಂವೇದಕಕ್ಕೆ, ಅಂದರೆ ಸೆನ್ಸರ್‌ಗೆ, ಬಣ್ಣವೇ ಗೊತ್ತಿಲ್ಲ ಎಂದರೆ ಹುಡುಗರು ನಂಬುವುದಿಲ್ಲ. ಅದರ ಮೇಲಿರುವ ಲಕ್ಷಾಂತರ ಪುಟ್ಟ ಕಣ್ಣುಗಳು ಬೆಳಕು ಎಷ್ಟು ಬಿತ್ತು ಎಂದಷ್ಟೇ ಅಳೆಯುತ್ತವೆ. ಕೊಡಾಕ್ ಕಂಪನಿಯಲ್ಲಿದ್ದ ಬ್ರೈಸ್ ಬೇಯರ್ ಎಂಬ ವಿಜ್ಞಾನಿ ಒಂದೊಂದು ಕಣ್ಣಿನ ಮೇಲೂ ಒಂದೊಂದು ಬಣ್ಣದ ಸೋಸುಗಾಜು ಕೂರಿಸುವ ಉಪಾಯ ಹೂಡಿದರು. 1976ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅರ್ಧದಷ್ಟು ಹಸಿರು, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ. ಮನುಷ್ಯನ ಕಣ್ಣು ಹಸಿರಿನ ಸುತ್ತಮುತ್ತಲೇ ಹೆಚ್ಚು ಚುರುಕು, ಅದಕ್ಕೇ ಹಸಿರಿಗೆ ಎರಡು ಪಾಲು. ಇವತ್ತಿಗೂ ಹೆಚ್ಚಿನ ಕ್ಯಾಮೆರಾಗಳಲ್ಲಿ ಇರುವುದು ಇದೇ ಜೋಡಣೆ. ಒಂದೊಂದು ಬಿಂದುವಿನಲ್ಲಿ ಒಂದೇ ಬಣ್ಣದ ಅಳತೆ ಇರುತ್ತದೆ. ಉಳಿದೆರಡನ್ನು ಅಕ್ಕಪಕ್ಕದ ಬಿಂದುಗಳನ್ನು ನೋಡಿ ಲೆಕ್ಕ ಹಾಕಬೇಕು. ಆ ಲೆಕ್ಕ ಹಾಕುವ ಮೊದಲಿನ ಅಳತೆಗಳ ಕಡತವೇ ರಾ. ನಿಕಾನ್‌ನಲ್ಲಿ ಅದರ ಹೆಸರು ಎನ್‌ಇಎಫ್, ಕ್ಯಾನನ್‌ನಲ್ಲಿ ಸಿಆರ್2 ಅಥವಾ ಸಿಆರ್3, ಸೋನಿಯಲ್ಲಿ ಎಆರ್‌ಡಬ್ಲ್ಯು.

ಜೆಪೆಗ್‌ನಲ್ಲಿ ಈ ಲೆಕ್ಕವೆಲ್ಲ ಕ್ಯಾಮೆರಾದೊಳಗೇ ಮುಗಿದು, ಬಣ್ಣ ಹದಗೊಂಡು, ಅಂಚು ಚೂಪಾಗಿ, ಕಡತ ಕುಗ್ಗಿ ಕಾರ್ಡಿಗೆ ಇಳಿಯುತ್ತದೆ. ಇಲ್ಲಿ ಕುಗ್ಗಿಸುವ ಕೆಲಸದ ಬಗ್ಗೆ ನಾಲ್ಕು ಮಾತು ಹೆಚ್ಚೇ ಹೇಳಬೇಕು. ಏಕೆಂದರೆ ಅದರ ಹೃದಯದಲ್ಲಿ ನಮ್ಮ ಬೆಂಗಳೂರಿನವರೊಬ್ಬರ ಬುದ್ಧಿ ಇದೆ. ನಾಸಿರ್ ಅಹ್ಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಕೆ.ಆರ್. ವೃತ್ತದ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಯುವಿಸಿಇಯಲ್ಲಿ, 1961ರಲ್ಲಿ ಬಿ.ಇ. ಮುಗಿಸಿ ಅಮೆರಿಕಕ್ಕೆ ಹೋದರು. ಚಿತ್ರದ ಮಾಹಿತಿಯನ್ನು ಕುಗ್ಗಿಸಲು ಹೊಸ ಗಣಿತದ ದಾರಿಯೊಂದು ಅವರಿಗೆ ಹೊಳೆಯಿತು. 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಧನಸಹಾಯ ಕೋರಿ ಬರೆದರೆ ಅರ್ಜಿ ತಿರಸ್ಕಾರವಾಯಿತು. ಅವರು ಬಿಡಲಿಲ್ಲ. ಶಿಷ್ಯ ಟಿ. ನಟರಾಜನ್ ಮತ್ತು ಸ್ನೇಹಿತ ಕೆ.ಆರ್. ರಾವ್ ಅವರ ಜೊತೆ ಸೇರಿ 1974ರ ಜನವರಿಯಲ್ಲಿ 'ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್' ಎಂಬ ಪ್ರಬಂಧ ಪ್ರಕಟಿಸಿದರು. 1992ರಲ್ಲಿ ಬಂದ ಜೆಪೆಗ್ ಮಾನದಂಡ ನಿಂತಿರುವುದು ಅದರ ಮೇಲೆ. ನಾವು ನೋಡುವ ಹೆಚ್ಚಿನ ಡಿಜಿಟಲ್ ವೀಡಿಯೊಗಳ ಬೆನ್ನಿಗೂ ಅದೇ ಗಣಿತ. ದಿನಕ್ಕೆ ನೂರು ಫೋಟೊ ಕಳಿಸುವ ನಮ್ಮ ಮಕ್ಕಳಿಗೆ ಈ ಹೆಸರು ಗೊತ್ತಿರಬೇಕು. ಶಾಲೆಯ ಪಾಠದಲ್ಲಿ ಅದು ಇರಬೇಕು ಎಂದು ನನ್ನ ಗಟ್ಟಿ ಅಭಿಪ್ರಾಯ.

ಆ ಗಣಿತ ಮಾಡುವುದು ಏನು? ಚಿತ್ರವನ್ನು ಎಂಟು ಬಿಂದು ಅಗಲ, ಎಂಟು ಬಿಂದು ಎತ್ತರದ ಚೌಕಗಳಾಗಿ ಕತ್ತರಿಸುತ್ತಾರೆ. ಹಿಮ್ಮೇಳದ ಒಟ್ಟು ಸದ್ದಿನಲ್ಲಿ ಮದ್ದಳೆ ಎಷ್ಟು, ಚೆಂಡೆ ಎಷ್ಟು ಎಂದು ಪಳಗಿದ ಕಿವಿ ಬಿಡಿಸಿಕೊಳ್ಳುವ ಹಾಗೆ, ಪ್ರತಿ ಚೌಕದಲ್ಲಿ ನಿಧಾನವಾಗಿ ಬದಲಾಗುವ ಬೆಳಕು ಎಷ್ಟು, ಚುಟುಚುಟು ಬದಲಾಗುವ ಸೂಕ್ಷ್ಮ ಎಷ್ಟು ಎಂದು ಅದು ಬೇರ್ಪಡಿಸುತ್ತದೆ. ಬೇರೆಯಾದ ಮೇಲೆ, ನಮ್ಮ ಕಣ್ಣು ಅಷ್ಟಾಗಿ ಗಮನಿಸದ ಸೂಕ್ಷ್ಮಗಳನ್ನು ಒರಟು ಮಾಡಿ, ಎಷ್ಟೋ ಕಡೆ ಸೊನ್ನೆ ಮಾಡಿ ಬಿಟ್ಟುಬಿಡುತ್ತಾರೆ. ಬಣ್ಣದ ವಿವರವನ್ನು ಹೊಳಪಿನ ವಿವರಕ್ಕಿಂತ ಹೆಚ್ಚು ಕಡಿತ ಮಾಡುವುದೂ ರೂಢಿ, ಏಕೆಂದರೆ ಕಣ್ಣು ಹೊಳಪಿನ ವ್ಯತ್ಯಾಸಕ್ಕೆ ಸ್ಪಂದಿಸುವಷ್ಟು ಬಣ್ಣದ ವ್ಯತ್ಯಾಸಕ್ಕೆ ಸ್ಪಂದಿಸುವುದಿಲ್ಲ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ರಾ ಕಡತ ಸುಮಾರು 25ರಿಂದ 30 ಎಂಬಿ ಆದರೆ, ಒಳ್ಳೆಯ ಗುಣಮಟ್ಟದ ಜೆಪೆಗ್ 10 ಎಂಬಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಎರಡನ್ನೂ ಪಕ್ಕಪಕ್ಕ ಮುದ್ರಿಸಿ ಗೋಡೆಗೆ ಹಾಕಿದರೆ, ಬೆಳಕು ಹದವಾಗಿದ್ದ ಚಿತ್ರದಲ್ಲಿ ವ್ಯತ್ಯಾಸ ಹೇಳುವುದು ಕಷ್ಟ. ಜೆಪೆಗ್ ಕೀಳು ಅನ್ನುವವರು ಒಮ್ಮೆ ಹೀಗೆ ಮಾಡಿ ನೋಡಬೇಕು.

ವ್ಯತ್ಯಾಸ ಎದ್ದು ಬರುವುದು ಚಿತ್ರವನ್ನು ಆಮೇಲೆ ತಿದ್ದಲು ಹೊರಟಾಗ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು. 12 ಬಿಟ್ ರಾದಲ್ಲಿ 4096, 14 ಬಿಟ್ ರಾದಲ್ಲಿ 16,384. ಮುಗಿದ ಚಿತ್ರವನ್ನು ನೋಡುವುದಕ್ಕೆ 256 ಸಾಕು. ಆದರೆ ಕತ್ತಲಲ್ಲಿ ಮುಳುಗಿದ ಮದ್ದಳೆಗಾರರ ಮುಖವನ್ನು ಮೇಲೆತ್ತಲು ಹೊರಟರೆ, ಇರುವ ನಾಲ್ಕಾರು ಮೆಟ್ಟಿಲನ್ನೇ ಹಿಗ್ಗಿಸಬೇಕಾಗುತ್ತದೆ. ಮುಖದ ಮೇಲೆ ಪಟ್ಟೆಗಳು, ಚೌಕಗಳು ಕಾಣಿಸಿಕೊಳ್ಳುತ್ತವೆ. ರಾದಲ್ಲಿ ಅದೇ ಮುಖ ಸ್ವಲ್ಪ ಮರಳು ಮರಳಾಗಿಯಾದರೂ ಮುಖವಾಗಿಯೇ ಮೇಲೆ ಬರುತ್ತದೆ.

ಕೆಂಪಿನ ಕತೆ ಇನ್ನೂ ತೀವ್ರ. ಕೆಂಪು ದೀಪದಡಿ ಕೆಂಪು ಉಡುಪಿನ ಚಿತ್ರವನ್ನು ಜೆಪೆಗ್‌ನಲ್ಲಿ ತೆಗೆದರೆ ಕೆಂಪು ಬಣ್ಣ ಕೊನೆಯ ಮೆಟ್ಟಿಲಾದ 255ಕ್ಕೆ ತಲುಪಿ ಅಲ್ಲೇ ನಿಂತುಬಿಡುತ್ತದೆ. ಉಡುಪಿನ ನೆರಿಗೆ, ನೇಯ್ಗೆ ಎಲ್ಲ ಹೋಗಿ ಒಂದು ಕೆಂಪು ತೇಪೆ ಮಾತ್ರ ಉಳಿಯುತ್ತದೆ. ಎಷ್ಟೋ ಸಲ ಸೆನ್ಸರ್ ಆ ನೆರಿಗೆಯನ್ನು ಹಿಡಿದೇ ಇರುತ್ತದೆ. ಬಣ್ಣ ಗಾಢವಾಗಲಿ ಎಂದು ಕ್ಯಾಮೆರಾ ಮಾಡುವ ಸಂಸ್ಕಾರದಲ್ಲಿ ಅದು ಕಳೆದುಹೋಗಿರುತ್ತದೆ. ರಾದಲ್ಲಿ ಅದನ್ನು ಮರಳಿ ಪಡೆಯಬಹುದು. ಒಂದು ಎಚ್ಚರ: ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಕಾಣುವುದು, ರಾ ಹಾಕಿದ್ದರೂ, ಒಳಗೇ ತಯಾರಾದ ಜೆಪೆಗ್‌ನ ನೋಟ. ಹೊಳಪಿನ ಹಂಚಿಕೆ ತೋರಿಸುವ ಹಿಸ್ಟೊಗ್ರಾಮ್ ಕೂಡ ಅದರದ್ದೇ. ಅದಕ್ಕೇ ನಾನು ಆಟಕ್ಕೆ ಹೋಗುವಾಗ ಚಿತ್ರದ ಶೈಲಿಯನ್ನು 'ನ್ಯೂಟ್ರಲ್'ಗೆ ಇಟ್ಟು, ಕೆಂಪಿನ ಹಿಸ್ಟೊಗ್ರಾಮನ್ನು ಬೇರೆಯಾಗಿ ತೆರೆದು ನೋಡುತ್ತೇನೆ. ಅದು ಬಲತುದಿಗೆ ಒತ್ತಿಕೊಂಡಿದ್ದರೆ ಬೆಳಕನ್ನು ಅರ್ಧ ಸ್ಟಾಪ್, ಮುಕ್ಕಾಲು ಸ್ಟಾಪ್ ಇಳಿಸುತ್ತೇನೆ.

ಬಿಳಿಯನ್ನು ಬಿಳಿಯಾಗಿ ಕಾಣಿಸುವ ವೈಟ್ ಬ್ಯಾಲೆನ್ಸ್ ವಿಷಯದಲ್ಲಂತೂ ರಾಗೆ ಸಮನಾದದ್ದಿಲ್ಲ. ಅದರಲ್ಲಿ ವೈಟ್ ಬ್ಯಾಲೆನ್ಸ್ ಬರೀ ಒಂದು ಟಿಪ್ಪಣಿ. ಕಂಪ್ಯೂಟರಿನಲ್ಲಿ ಬದಲಿಸಿದರೆ ಮಾಹಿತಿಗೆ ಏನೂ ನಷ್ಟವಿಲ್ಲ. ಜೆಪೆಗ್‌ನಲ್ಲಿ ಅದು ಬಣ್ಣದೊಳಗೆ ಬೆರೆತುಹೋಗಿರುತ್ತದೆ. ದೀಪ ಬಿಳಿ ಇದ್ದಾಗ ಭಾಗವತರ ಪಂಚೆ ಚೌಕಟ್ಟಿನಲ್ಲಿ ಬರುವ ಹಾಗೆ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಮನೆಗೆ ಬಂದು ಆ ಪಂಚೆಯ ಮೇಲೆ ತಂತ್ರಾಂಶದ ಡ್ರಾಪರ್ ಒತ್ತಿದರೆ, ಆ ಬೆಳಕಿನಲ್ಲಿ ತೆಗೆದ ಚಿತ್ರಗಳೆಲ್ಲ ಒಟ್ಟಿಗೆ ಸರಿಹೋಗುತ್ತವೆ.

ಮದುವೆಮನೆಯಲ್ಲೂ ಇದೇ ತಾಪತ್ರಯ. ಹಳದಿ ಬಟ್ಟೆಯ ಚಪ್ಪರದಿಂದ ಸೋಸಿ ಬರುವ ಬಿಸಿಲು, ಮಂಟಪದ ಎಲ್‌ಇಡಿ, ವೀಡಿಯೊದವರ ದೀಪ, ಹೋಮದ ಬೆಂಕಿ ಎಲ್ಲ ಒಂದೇ ಮುಖದ ಮೇಲೆ ಬೀಳುತ್ತವೆ. ಧಾರೆ ಎರೆಯುವ ಕ್ಷಣವನ್ನು "ಇನ್ನೊಮ್ಮೆ ಮಾಡಿ" ಎಂದು ಕೇಳುವ ಹಾಗಿಲ್ಲ. ಇನ್ನೊಂದು ಕಾರಣವೂ ಇದೆ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಮನೆಯವರು ಬಂದು, "ನಮ್ಮ ಅಜ್ಜಿದ್ ಒಂದ್ ಫೋಟೊ ಬೇಕಿತ್ತ್, ಫ್ರೇಮ್ ಹಾಕ್ಸೂಕೆ" ಅನ್ನುತ್ತಾರೆ. ಅಜ್ಜಿ ಮಂಟಪದ ಮೂಲೆಯಲ್ಲಿ, ನೆರಳಿನಲ್ಲಿ ಕೂತಿರುತ್ತಾರೆ. ಅವರನ್ನೇ ಗುರಿಯಿಟ್ಟು ತೆಗೆದ ಚಿತ್ರ ಇರುವುದಿಲ್ಲ. ಆಗ ಆ ಮೂಲೆಯನ್ನು ಕತ್ತರಿಸಿ, ನೆರಳು ತೆಗೆದು, ಮುಖವನ್ನು ಬೆಳಕಿಗೆ ತರುವ ಅವಕಾಶ ರಾ ಕೊಡುವಷ್ಟು ಜೆಪೆಗ್ ಕೊಡುವುದಿಲ್ಲ. ಧಾರೆ, ಮಾಂಗಲ್ಯಧಾರಣೆ, ಹಿರಿಯರು ಸೇರುವ ಹೊತ್ತು, ಇವನ್ನು ನಾನು ರಾ ಬಿಟ್ಟು ಬೇರೆಯದರಲ್ಲಿ ತೆಗೆಯುವುದಿಲ್ಲ. ಊಟದ ಪಂಕ್ತಿ, ವೇದಿಕೆ ಮೇಲೆ ಸಾಲಾಗಿ ಬಂದು ಉಡುಗೊರೆ ಕೊಡುವವರು, ಒಂದೇ ಬೆಳಕು, ಒಂದೇ ದೂರ, ಫ್ಲ್ಯಾಶ್ ಇದೆ: ಅಲ್ಲಿ ಜೆಪೆಗ್ ಧಾರಾಳ ಸಾಕು. 3,000 ಚಿತ್ರದ ಮದುವೆಯನ್ನು ಪೂರ್ತಿ ರಾದಲ್ಲಿ ತೆಗೆದರೆ ಸುಮಾರು 80 ಜಿಬಿ ಆಗುತ್ತದೆ. ಅದನ್ನು ಎರಡು ಡಿಸ್ಕಿನಲ್ಲಿ ಕಾಪಾಡುವ ಖರ್ಚು ಸಣ್ಣ ಸ್ಟುಡಿಯೊಗೆ ಹಗುರವಲ್ಲ.

ಪತ್ರಿಕೆಯ ಛಾಯಾಗ್ರಾಹಕರ ದಾರಿ ಬೇರೆ. ಅವರಿಗೆ ಚಿತ್ರ ತೆಗೆದ ಕೆಲವೇ ನಿಮಿಷದಲ್ಲಿ ಕಳಿಸಬೇಕು. ಕ್ಯಾಮೆರಾದಿಂದ ಫೋನಿಗೆ, ಫೋನಿನಿಂದ ಡೆಸ್ಕಿಗೆ. ಅಲ್ಲಿ ಜೆಪೆಗ್ ಅನಿವಾರ್ಯ. 2015ರ ನವೆಂಬರಿನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ತನ್ನ ಫ್ರೀಲಾನ್ಸ್ ಛಾಯಾಗ್ರಾಹಕರಿಗೆ, ರಾದಿಂದ ಸಂಸ್ಕರಿಸಿದ ಚಿತ್ರ ಕಳಿಸಬೇಡಿ, ಕ್ಯಾಮೆರಾ ಕೊಟ್ಟ ಮೂಲ ಜೆಪೆಗ್ ಅನ್ನೇ ಕಳಿಸಿ ಎಂದು ಸೂಚಿಸಿತು. ಕಾರಣ ಎರಡು: ವೇಗ, ಮತ್ತು ಚಿತ್ರ ಸತ್ಯವನ್ನು ತಿರುಚಬಾರದು ಎಂಬ ಕಾಳಜಿ. ಇತ್ತ ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯವರು ಕೊನೆಯ ಸುತ್ತಿನಲ್ಲಿ ಮೂಲ ಕಡತ ಕೇಳುತ್ತಾರೆ. ರಾ ಕೊಟ್ಟರೆ ಚಿತ್ರದಲ್ಲಿ ಏನನ್ನೂ ಸೇರಿಸಿಲ್ಲ, ಅಳಿಸಿಲ್ಲ ಎಂದು ತಾಳೆ ನೋಡುವುದು ಸುಲಭ. ಒಬ್ಬರು ಸತ್ಯಕ್ಕಾಗಿ ಜೆಪೆಗ್ ಕೇಳುತ್ತಾರೆ, ಇನ್ನೊಬ್ಬರು ಸತ್ಯಕ್ಕಾಗಿಯೇ ರಾ ಕೇಳುತ್ತಾರೆ. ನನಗೆ ಇಬ್ಬರ ಮಾತೂ ಸರಿ ಕಾಣುತ್ತದೆ.

ರಾ ಮಾಡಲಾಗದ್ದನ್ನೂ ಹೇಳಿಬಿಡುತ್ತೇನೆ. ಫೋಕಸ್ ತಪ್ಪಿದ ಚಿತ್ರ ರಾದಲ್ಲೂ ತಪ್ಪಿದ್ದೇ. ವೇಷ ಮಂಡಿ ಹಾಕಿ ತಿರುಗುವಾಗ ನಿಧಾನ ಶಟರ್‌ನಲ್ಲಿ ತೆಗೆದು ಮಸುಕಾದ ಕಿರೀಟ ಮಸುಕೇ. ಎಲ್‌ಇಡಿ ಮಿಣುಕುವುದರಿಂದ ಬರುವ ಅಡ್ಡಪಟ್ಟೆಗೆ ಶಟರ್ ವೇಗವನ್ನು ಆಗಲೇ ಹೊಂದಿಸಬೇಕು. ಸೆನ್ಸರ್‌ನ ಕಣ್ಣೇ ತುಂಬಿ ಹೋಗಿ ಬಿಳಿಯಾದ ಜಾಗಕ್ಕೆ ಯಾವ ತಂತ್ರಾಂಶವೂ ವಿವರ ತರಲಾರದು. ರಾ ಇದೆಯಲ್ಲ ಎಂದು ಬೆಳಕನ್ನು ನೋಡದೆ ಬಟನ್ ಒತ್ತುವ ಅಭ್ಯಾಸ ಬೆಳೆಯಬಾರದು. ಅದಕ್ಕೇ ಹೊಸಬರಿಗೆ ಮೊದಲು ಕೆಲವು ತಿಂಗಳು ಜೆಪೆಗ್‌ನಲ್ಲೇ ತೆಗೆಯಲು ಹೇಳುತ್ತೇನೆ. ಕ್ಯಾಮೆರಾ ಕ್ಷಮಿಸದಿದ್ದಾಗ ಕಣ್ಣು ಬೆಳಕನ್ನು ಬೇಗ ಕಲಿಯುತ್ತದೆ.

ರಾದಲ್ಲೂ ಕುಗ್ಗಿಸಿದ್ದು, ಕುಗ್ಗಿಸದ್ದು ಎಂಬ ಆಯ್ಕೆ ಇರುತ್ತದೆ. 'ಲಾಸ್‌ಲೆಸ್ ಕಂಪ್ರೆಸ್ಡ್' ಕಂಡರೆ ಕಣ್ಣುಮುಚ್ಚಿ ಅದನ್ನೇ ಆರಿಸಿ. ಒಂದು ಅಂಕಿಯೂ ಕಳೆಯದೆ ಕಡತ ಚಿಕ್ಕದಾಗುತ್ತದೆ. ತಿದ್ದಲು ದುಡ್ಡು ಕೊಡಲೇಬೇಕೆಂದಿಲ್ಲ. ಡಾರ್ಕ್‌ಟೇಬಲ್, ರಾಥೆರಪಿ ಎರಡೂ ಉಚಿತ, ಎರಡೂ ಗಟ್ಟಿ.

ಫೋನಿನವರಿಗೆ ನನ್ನ ಸಲಹೆ ಚಿಕ್ಕದು. ಫೋನ್ ಒಂದು ಚಿತ್ರಕ್ಕಾಗಿ ಹಲವು ಚಿತ್ರ ತೆಗೆದು ಒಟ್ಟುಗೂಡಿಸುತ್ತದೆ. ಹಾಗಾಗಿ ಅದರ ಸಾದಾ ರಾಗಿಂತ ಅದು ತಯಾರಿಸಿಕೊಡುವ ಜೆಪೆಗ್ ಅಥವಾ ಹೈಕ್ (HEIC) ಚಿತ್ರವೇ ಎಷ್ಟೋ ಸಲ ಚೆನ್ನಾಗಿರುತ್ತದೆ. ಫೋನಿನಲ್ಲಿ ಚಿತ್ರ ಕೆಡುವುದು ಹೆಚ್ಚಾಗಿ ವಾಟ್ಸಾಪ್‌ನಲ್ಲಿ ಕಳಿಸುವಾಗ. ಅದು ಚಿತ್ರವನ್ನು ಇನ್ನಷ್ಟು ಕುಗ್ಗಿಸುತ್ತದೆ. ಮುಖ್ಯವಾದದ್ದನ್ನು 'ಡಾಕ್ಯುಮೆಂಟ್' ಎಂದು ಕಳಿಸಿ. ಜೆಪೆಗ್ ಅನ್ನು ನಕಲು ಮಾಡಿದರೆ ಕೆಡುತ್ತದೆ ಎಂಬ ಹೆದರಿಕೆ ಬೇಡ. ಸಾವಿರ ಸಲ ನಕಲು ಮಾಡಿದರೂ ಅದು ಹಾಗೇ ಇರುತ್ತದೆ. ತಿದ್ದಿ ಮತ್ತೆ ಮತ್ತೆ ಸೇವ್ ಮಾಡಿದರೆ ಮಾತ್ರ ಸವೆಯುತ್ತದೆ.

ಕೊನೆಗೆ, ಮನೆಯಲ್ಲಿ ಮದುವೆ ಇಟ್ಟುಕೊಂಡವರಿಗೆ ಒಂದು ಮಾತು. ಛಾಯಾಗ್ರಾಹಕರ ಜೊತೆ ಮಾತು ಮುಗಿಸುವ ಮುನ್ನ ಮೂರು ಸಂಗತಿ ಕೇಳಿ: ಧಾರೆಯ ಹೊತ್ತನ್ನು ರಾದಲ್ಲಿ ತೆಗೆಯುತ್ತೀರಾ, ರಾ ಕಡತಗಳನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ, ಆಲ್ಬಮ್ಮಿಗೆ ಸೇರದ ಚಿತ್ರಗಳನ್ನೂ ಪೂರ್ಣ ಗಾತ್ರದ ಜೆಪೆಗ್‌ನಲ್ಲಿ ಕೊಡುತ್ತೀರಾ. ಕೊಟ್ಟದ್ದನ್ನು ಎರಡು ಬೇರೆ ಬೇರೆ ಡಿಸ್ಕಿನಲ್ಲಿ, ಆದಷ್ಟೂ ಎರಡು ಬೇರೆ ಮನೆಯಲ್ಲಿ ಇಡಿ. ಕ್ಯಾಮೆರಾ ಕಂಪನಿಗೊಂದರಂತೆ ಇರುವ ರಾ ಕಡತವನ್ನು ಮುಂದೆ ಯಾವ ತಂತ್ರಾಂಶ ತೆರೆಯುತ್ತದೋ ಯಾರೂ ಖಾತ್ರಿ ಕೊಡಲಾರರು. 1992ರ ಜೆಪೆಗ್ ಅನ್ನು ಇವತ್ತಿನ ಯಾವ ಫೋನಾದರೂ ತೆರೆಯುತ್ತದೆ.